ಬಿ.ಪಿ. ನೋಡಿದ್ದಾಯಿತು, ತೊಡೆ ನೋಡಿದಿರಾ?

2025ರ ಜುಲೈ ತಿಂಗಳಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮುಂಚೆಯೇ ಸಾಲು ಬೆಳೆಯುತ್ತಿತ್ತು. ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೊಬ್ಬರು ಹಠಾತ್ತನೆ ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಹಗಲಿರುಳು ಓಡುತ್ತಿದ್ದ ದಿನಗಳು ಅವು. ಎದೆನೋವು ಇದ್ದವರೂ ಬಂದರು, ಇಲ್ಲದವರೂ ಬಂದರು, ಒಂದು ಇ.ಸಿ.ಜಿ. ಆಗಿಬಿಡಲಿ ಎಂಬುದಷ್ಟೇ ಎಲ್ಲರ ಬೇಡಿಕೆ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ಸಮಿತಿ ಕೊನೆಗೆ ಹೇಳಿದ್ದು ಹಳೆಯ ಹೆಸರುಗಳನ್ನೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ-ಸಿಗರೇಟು, ಕುಡಿತ. ಗಾಬರಿ ಇಳಿಯಿತು, ಸಾಲು ಕರಗಿತು. ಆದರೆ ಒಂದು ನಂಬಿಕೆ ಅಲುಗಾಡದೆ ಉಳಿಯಿತು. ಹಾರ್ಟಿನ ಕಾಯಿಲೆ ಹೊಟ್ಟೆ ಬಂದವರದು, ಪೇಟೆಯವರದು. ಒಣಕಲು ಮೈಯ ನಮ್ಮ ಹಳ್ಳಿ ಮುದುಕರಿಗೆ ಅದು ಯಾಕೆ ಬರುತ್ತದೆ ಎಂಬ ನಂಬಿಕೆ ಅದು. ಹುಲ್ಲಹಳ್ಳಿ ಹೋಬಳಿಯ ಯಾವ ಜಗಲಿಯ ಮೇಲೆ ಕೂತು ಕೇಳಿದರೂ ಈ ಮಾತು ಕಿವಿಗೆ ಬಿದ್ದೀತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಅರವತ್ತು ದಾಟಿದವರ ಮಟ್ಟಿಗಂತೂ ಇದು ಅಪಾಯದ ನಂಬಿಕೆ. ಸಣ್ಣಗಿರುವ ಮುದಿಮೈಯಲ್ಲಿ ಬಹಳ ಸಲ ಕಮ್ಮಿಯಾಗಿರುವುದು ಮಾಂಸಖಂಡ. ಮಾಂಸಖಂಡ ಕರಗುವುದನ್ನು ವಯಸ್ಸಿನ ಸಹಜ ಧರ್ಮವೆಂದು ಬಿಟ್ಟುಬಿಡದೆ, ಬಿ.ಪಿ., ಶುಗರಿನ ಪಕ್ಕದಲ್ಲೇ ಹೃದಯದ ಅಪಾಯವಾಗಿ ಎಣಿಸಬೇಕು ಎಂಬುದಕ್ಕೆ ಈಗ ಸಾಕಷ್ಟು ಆಧಾರ ಇದೆ. ಆ ಆಧಾರದ ಒಂದು ಮುಖ್ಯ ಭಾಗ ನಮ್ಮ ಜಿಲ್ಲೆಯಿಂದಲೇ ಬಂದದ್ದು.

ಮೈಸೂರಿನಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಸುತ್ತಲಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಡಲಾಗಿತ್ತು. ಬರೆದವರಿಗೆ ಮುಂದೊಂದು ದಿನ ಅದು ಜಗತ್ತಿನ ವೈದ್ಯಶಾಸ್ತ್ರದ ಕೈಗೆ ಸಿಗುತ್ತದೆ ಎಂಬ ಊಹೆಯೂ ಇದ್ದಿರಲಾರದು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ಬಾಳುತ್ತಿದ್ದ 517 ಮಂದಿಯನ್ನು ಪತ್ತೆ ಹಚ್ಚಿ, ಅವರ ಹೃದಯ ಪರೀಕ್ಷೆ ಮಾಡಿ, ಬ್ರಿಟನ್ನಿನ ಡೇವಿಡ್ ಬಾರ್ಕರ್, ಕ್ಯಾರೋಲಿನ್ ಫಾಲ್ ಮತ್ತು ಮೈಸೂರಿನಲ್ಲಿ ಕೆಲಸ ಮಾಡಿದ ಅವರ ಸಹೋದ್ಯೋಗಿಗಳು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ನೂರಕ್ಕೆ ಹತ್ತರಷ್ಟು ಜನರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಂಡಿತು. ಆದರೆ ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ, ಅದರಲ್ಲೂ ಬಸುರಿಯಾಗಿದ್ದಾಗ ತಾಯಿಯ ತೂಕ 45 ಕಿಲೋ ಮುಟ್ಟದವರಲ್ಲಿ, ಅದು ನೂರಕ್ಕೆ 20ಕ್ಕೆ ಏರಿತ್ತು. ಬಡಕಲು ತಾಯಿ, ಸಣ್ಣ ಕೂಸು, ಐವತ್ತರ ಸುಮಾರಿಗೆ ಹೃದ್ರೋಗ: ಈ ಸರಪಳಿಯಲ್ಲಿ ಬೊಜ್ಜಿಗೆ ಮೊದಲ ಜಾಗ ಇರಲಿಲ್ಲ. ಅಂದು ಹುಟ್ಟಿದವರಲ್ಲಿ ಬದುಕುಳಿದವರೆಲ್ಲ ಈಗ ಎಪ್ಪತ್ತು ದಾಟಿದ್ದಾರೆ. ಮಿಷನ್ ಆಸ್ಪತ್ರೆಗೆ ಹೆರಿಗೆಗೆ ಹೋದವರು ಬಹುಪಾಲು ಪೇಟೆಯವರು, ಹುಲ್ಲಹಳ್ಳಿ ಸೀಮೆಯ ಕೂಸುಗಳು ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವು, ಅವುಗಳ ತೂಕ ಯಾರೂ ನೋಡಿಲ್ಲ ಎನ್ನಬಹುದು. ನಿಜ. ಆದರೆ ಆ ಕಾಲದ ಹಳ್ಳಿಯ ಬಸುರಿಯರು ಪೇಟೆಯವರಿಗಿಂತ ಉಂಡುಟ್ಟು ಸುಖವಾಗಿದ್ದರು ಎಂದು ಯಾರೂ ವಾದಿಸಲಾರರು.

ಸಣ್ಣ ಕೂಸಿನಲ್ಲಿ ಸಣ್ಣದಾಗಿದ್ದುದು ಏನು? ಇದಕ್ಕೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಉತ್ತರ ಕೊಟ್ಟಿತು. ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಬ್ರಿಟನ್ನಿನ ಶಿಶುಗಳ ಜೊತೆ ಇಟ್ಟು ಅಳೆದಾಗ ನಮ್ಮ ಮಕ್ಕಳ ಹೊಟ್ಟೆಯ ಅಂಗಗಳೂ ಮಾಂಸಖಂಡವೂ ಬಹಳ ಕಡಿಮೆ ಇದ್ದವು. ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇತ್ತು. ತಾಯಿಯ ಹೊಟ್ಟೆಯಲ್ಲಿ ಅನ್ನ ಸಾಲದಾದಾಗ ದೇಹ ಮೊದಲು ಕೈಬಿಟ್ಟದ್ದು ಮಾಂಸಖಂಡವನ್ನು. ದೊಡ್ಡವರಾದ ಮೇಲೂ ಇದರ ಗುರುತು ಉಳಿಯುತ್ತದೆ ಎಂದು ತೋರಿಸಲು ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಗೆಳೆಯ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ‘ಲ್ಯಾನ್ಸೆಟ್’ನಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರದೂ ಒಂದೇ ಅಂಕಿ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತಕ್ಕಡಿ ಇಬ್ಬರನ್ನೂ ತೆಳ್ಳಗಿನವರೆಂದೇ ಪಾಸು ಮಾಡಿತ್ತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಹಳೆಯ ಸೂಲಗಿತ್ತಿಯರ ದಫ್ತರ ಹಿಡಿದು ಮುದುಕರನ್ನು ಹುಡುಕಿದಾಗಲೂ, ಹುಟ್ಟುವಾಗ ಸಣ್ಣಗಿದ್ದವರ ಕೈಹಿಡಿತ ಮುಪ್ಪಿನಲ್ಲಿ ಸಡಿಲವಾಗಿತ್ತು. ಅಂದರೆ ನಮ್ಮ ಹಿರಿಯರು ಮಾಂಸಖಂಡದ ಬಾಬತ್ತಿನಲ್ಲಿ ಬಾಳನ್ನು ಶುರು ಮಾಡಿದ್ದೇ ಕೊರತೆಯಿಂದ.

ಆ ಕೊರತೆಯ ಮೇಲೆ ವಯಸ್ಸು ಕೈ ಹಾಕುತ್ತದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಮಾಂಸಖಂಡ ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಗಾತ್ರಕ್ಕಿಂತ ಬೇಗ ಹೋಗುವುದು ಕಸುವು. ಮಾಂಸಖಂಡ ಇರುವುದು ಮೂಟೆ ಎತ್ತುವುದಕ್ಕಷ್ಟೇ ಎಂದುಕೊಂಡರೆ ಹೃದಯಕ್ಕೂ ಅದಕ್ಕೂ ಏನು ಸಂಬಂಧ ಎನ್ನಿಸುವುದು ಸಹಜ. ಉಂಡ ಮೇಲೆ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ಇನ್ಸುಲಿನ್ ತಳ್ಳಿಕೊಂಡು ಹೋಗುವ ಪಾಲಿನ ಸುಮಾರು ಶೇ 80 ಸೇರುವುದು ಮಾಂಸಖಂಡಕ್ಕೇ. ಅದು ಸಕ್ಕರೆಯ ಕಣಜ. ಕಣಜ ಕಿರಿದಾದರೆ ಅದೇ ಮುದ್ದೆ, ಅದೇ ಅನ್ನ ತಿಂದರೂ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ, ಯಕೃತ್ತಿನಲ್ಲಿ ಕೊಬ್ಬಾಗುತ್ತದೆ, ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತದೆ. ಕರಗಿದ ಮಾಂಸಖಂಡದ ಎಳೆಗಳ ನಡುವೆ ಕೊಬ್ಬು ಬಂದು ಕೂರುತ್ತದೆ. ದುಡಿಯುವ ಮಾಂಸಖಂಡ ರಕ್ತಕ್ಕೆ ಬಿಡುವ, ಉರಿಯೂತ ತಗ್ಗಿಸುವ ರಾಸಾಯನಿಕಗಳೂ ಕಮ್ಮಿಯಾಗುತ್ತವೆ. ತೂಕ ಮಾತ್ರ ಇದ್ದಷ್ಟೇ ಇರುತ್ತದೆ, ಕಳೆದದ್ದನ್ನು ಕೊಬ್ಬು ತುಂಬಿರುವುದರಿಂದ. ವೈದ್ಯರು ಸಾರ್ಕೊಪೀನಿಯಾ ಎನ್ನುವ ಈ ಸ್ಥಿತಿಯನ್ನು ಮನೆಯವರು ಗುರುತಿಸುವುದು ಪಂಚೆ ಸಡಿಲವಾದಾಗಲೋ ಬಳೆ ಮೊಳಕೈವರೆಗೆ ಜಾರಿದಾಗಲೋ. ಅಷ್ಟರಲ್ಲಿ ಬಹಳ ಹೋಗಿರುತ್ತದೆ.

ಇದು ತರ್ಕವಾಯಿತು, ಜನರಲ್ಲಿ ನಿಜಕ್ಕೂ ಹಾಗಾಗಿದೆಯೇ? ಹದಿನೇಳು ದೇಶಗಳ ಸುಮಾರು 1,40,000 ಜನರ ಕೈಹಿಡಿತವನ್ನು ಒಂದು ಸಣ್ಣ ಉಪಕರಣದಿಂದ ಅಳೆದು ನಾಲ್ಕು ವರ್ಷ ಬೆನ್ನು ಹತ್ತಿದ ‘ಪ್ಯೂರ್’ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಭಾರತದ ಭಾಗಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೇ ಆಧಾರ. ಹಿಡಿತ ಪ್ರತಿ ಐದು ಕಿಲೋ ಕಡಿಮೆಯಾದಾಗಲೂ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇ 17ರಷ್ಟು ಏರುತ್ತಿತ್ತು. ಅಷ್ಟೇ ಅಲ್ಲ, ಸಾವನ್ನು ಮುಂದಾಗಿ ಸೂಚಿಸುವುದರಲ್ಲಿ ಕೈಹಿಡಿತ ಬಿ.ಪಿ.ಯ ಮೇಲಿನ ಅಂಕಿಯನ್ನೂ ಹಿಂದೆ ಹಾಕಿತು. ಬಿ.ಪಿ. ಉಪಕರಣ ಇಲ್ಲದ ಆರೋಗ್ಯ ಕೇಂದ್ರ ಇಂದು ಇಲ್ಲ. ಹಿಡಿತ ಅಳೆಯುವ ಉಪಕರಣ ಇರುವ ಕೇಂದ್ರವನ್ನು ಹುಡುಕಬೇಕು. ಗ್ರೀಸಿನ ಅಟಿಕಾ ಪ್ರಾಂತ್ಯದಲ್ಲಿ 45 ದಾಟಿದ, ಹೃದ್ರೋಗವಿಲ್ಲದ ಸಾವಿರಕ್ಕೂ ಹೆಚ್ಚು ಜನರನ್ನು ಹತ್ತು ವರ್ಷ ಗಮನಿಸಿದಾಗ, ಅತಿ ಹೆಚ್ಚು ಮಾಂಸಖಂಡ ಇದ್ದ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಸಂಭವ ಅತಿ ಕಡಿಮೆ ಇದ್ದವರಿಗಿಂತ ಶೇ 81ರಷ್ಟು ಕಮ್ಮಿ ಇತ್ತು. ಹೆಂಗಸರಲ್ಲಿ ಈ ನಂಟು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಶೇ 81 ಎಂಬ ಅಂಕಿಯನ್ನು ಕಂಡು ಕುಣಿಯುವವರು ಈ ಎರಡನೇ ವಾಕ್ಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಕಸುವು ಹೋದದ್ದು ಕಾಯಿಲೆಯ ಫಲವೇ ಹೊರತು ಕಾರಣವಲ್ಲ, ಒಳಗೊಳಗೇ ಹೃದಯ ಸೋತವರ ಕೈಕಾಲು ಮೊದಲು ಸೋಲುತ್ತದೆ, ನೀವು ಹೊಗೆಯನ್ನು ನೋಡಿ ಬೆಂಕಿ ಎನ್ನುತ್ತಿದ್ದೀರಿ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಹೃದಯ ವೈಫಲ್ಯದ 200 ರೋಗಿಗಳನ್ನು ಪರೀಕ್ಷಿಸಿದ ಯುರೋಪಿನ ಅಧ್ಯಯನವೊಂದರಲ್ಲಿ ಐವರಲ್ಲಿ ಒಬ್ಬರ ಮಾಂಸಖಂಡ ಕರಗಿತ್ತು. ಹೃದಯ ಸೋತರೆ ಮಾಂಸಖಂಡಕ್ಕೆ ರಕ್ತ ಸಾಲದು, ಉಸಿರು ಕಟ್ಟುವುದರಿಂದ ನಡಿಗೆ ನಿಲ್ಲುತ್ತದೆ, ಊಟ ಸೇರುವುದಿಲ್ಲ. ಆದರೆ ಅಟಿಕಾದಲ್ಲಿ ಮಾಂಸಖಂಡವನ್ನು ಲೆಕ್ಕ ಹಾಕಿದ್ದು ಹೃದ್ರೋಗ ಇಲ್ಲದವರಲ್ಲಿ, ಹತ್ತು ವರ್ಷ ಮೊದಲೇ. ಹುಟ್ಟಿನಿಂದಲೇ ಬಲವಾದ ಹಿಡಿತದ ವಂಶವಾಹಿ ಪಡೆದವರನ್ನು ಬೇರ್ಪಡಿಸಿ ನೋಡಿದ ಅಧ್ಯಯನಗಳೂ ಅವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಡಿಮೆ ಎಂದೇ ಸೂಚಿಸಿವೆ. ವಂಶವಾಹಿಯನ್ನು ಕಾಯಿಲೆ ಬದಲಿಸಲಾರದು. ಹಾಗಾಗಿ ನಂಟು ಎರಡೂ ಕಡೆಗೆ ಓಡುತ್ತದೆ ಎನ್ನುವುದೇ ನ್ಯಾಯವಾದ ತೀರ್ಮಾನ. ಅದು ಸಮಾಧಾನದ ಮಾತೂ ಅಲ್ಲ. ಹೃದಯ ಮಾಂಸಖಂಡವನ್ನೂ ಮಾಂಸಖಂಡ ಹೃದಯವನ್ನೂ ಕೆಳಗೆಳೆಯುವಾಗ, ಎಲ್ಲೋ ಒಂದು ಕಡೆ ತಡೆ ಹಾಕದಿದ್ದರೆ ಇಳಿಜಾರು ನಿಲ್ಲುವುದಿಲ್ಲ. ಇಷ್ಟಾದರೂ ಮಾಂಸಖಂಡ ಬೆಳೆಸಿದರೆ ಹೃದಯಾಘಾತ ತಪ್ಪೇ ತಪ್ಪುತ್ತದೆ ಎಂದು ಹೇಳಿದರೆ ಅದು ಮಾರಾಟಗಾರನ ಮಾತಾದೀತು. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ 349 ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲಿನ ಕಸುವು, ಸಮತೋಲನ, ನಡಿಗೆಯ ತರಬೇತಿ ಪಡೆದವರ ಓಡಾಟ ಚೆನ್ನಾಗಿ ಸುಧಾರಿಸಿತು. ಮತ್ತೆ ಆಸ್ಪತ್ರೆ ಸೇರುವ ಪ್ರಮಾಣ ಗಣನೀಯವಾಗಿ ಇಳಿಯಲಿಲ್ಲ. ಒಂಟಿಯಾಗಿ ಬಚ್ಚಲಿಗೆ ಹೋಗಿ ಬರುವ ಶಕ್ತಿ ಮರಳಿತು ಎಂಬುದನ್ನು ಸಣ್ಣ ಲಾಭ ಎನ್ನುವವರು ಹಾಸಿಗೆ ಹಿಡಿದ ಹಿರಿಯರ ಮನೆಯಲ್ಲಿ ಒಂದು ವಾರ ಇದ್ದು ಬರಲಿ.

ಇನ್ನೊಂದು ಆಕ್ಷೇಪ ನಮ್ಮ ಸೀಮೆಯದ್ದೇ. ಕಪಿಲೆಯ ನೀರು ಹರಿಯುವ ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆಯ ಬಯಲಿನಲ್ಲಿ ಬಾಳೆಲ್ಲ ಬಗ್ಗಿ ನಾಟಿ ಹಾಕಿದವರು, ಕಬ್ಬು ಕಡಿದು ಹೊತ್ತವರು ಇವರು. ಇವರಿಗೂ ವ್ಯಾಯಾಮದ ಪಾಠವೇ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನಲವತ್ತರಲ್ಲಿ ಮಾಡಿದ ದುಡಿಮೆಯನ್ನು ಎಪ್ಪತ್ತಕ್ಕೆಂದು ದೇಹ ಠೇವಣಿ ಇಡುವುದಿಲ್ಲ. ಉಳುಮೆ ಟ್ರ್ಯಾಕ್ಟರಿಗೆ ಹೋಯಿತು, ಕೊಯ್ಲು ಯಂತ್ರಕ್ಕೆ, ಒರಳು ಮಿಕ್ಸಿಗೆ, ನೀರು ಸೇದುವುದು ನಲ್ಲಿಗೆ. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಒರಳಿನ ಮುಂದೆ ಬೆನ್ನು ಸವೆಸಿದ ಹೆಂಗಸರು ಅದು ಮರಳಿ ಬರಲಿ ಎಂದು ಬಯಸುವುದೂ ಇಲ್ಲ. ಅದರ ಜಾಗಕ್ಕೆ ಏನೂ ಬರಲಿಲ್ಲ ಎಂಬುದಷ್ಟೇ ತೊಡಕು. ಮಗ ‘ನೀನು ಸುಮ್ನೆ ಕೂತ್ಕೋ ಅಪ್ಪ, ಮಾಡಿದ್ದು ಸಾಕು’ ಎನ್ನುತ್ತಾನೆ; ಅದು ಪ್ರೀತಿ, ಅದೇ ಕಾಲಿಗೆ ಕುತ್ತು. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಹತ್ತೇ ದಿನದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಹೋಗಿತ್ತು. ಚಿಕೂನ್‌ಗುನ್ಯಾ ಬಂದು ಎರಡು ವಾರ ಮಲಗಿದ ಅಜ್ಜಿ ‘ಜ್ವರ ಬಿಟ್ಟಿತು, ಕಾಲು ಬರಲಿಲ್ಲ’ ಎನ್ನುವುದರ ಅರ್ಥ ಇದು. ಇನ್ನು ಬೆಳಿಗ್ಗೆ ಎದ್ದು ನಾಲೆಯ ಏರಿ ಮೇಲೆ ವಾಕಿಂಗ್ ಹೋಗುತ್ತೇವಲ್ಲ ಎನ್ನುವವರಿದ್ದಾರೆ. ಹೃದಯಕ್ಕೆ, ಶುಗರಿಗೆ ಅದು ಒಳ್ಳೆಯದೇ, ಬಿಡಬಾರದು. ಆದರೆ ಸಮನೆಲದ ನಡಿಗೆ ತೊಡೆಗೆ ಅಷ್ಟಾಗಿ ಭಾರ ಕೊಡುವುದಿಲ್ಲ. ಭಾರ ಬೀಳದ ಮಾಂಸಖಂಡ ಬೆಳೆಯುವುದೂ ಇಲ್ಲ.

ಊಟದ ಲೆಕ್ಕ ಇದಕ್ಕಿಂತ ಕಠಿಣ. ರಾಗಿ ತಿಂದವನಿಗೆ ರೋಗವಿಲ್ಲ ಎಂಬ ಅಭಿಮಾನ ನಮ್ಮದು. ರಾಗಿ ಸುಣ್ಣದಂಶದಲ್ಲಿ ಧಾರಾಳಿ, ಪ್ರೋಟೀನಿನಲ್ಲಿ ಅಲ್ಲ. ನೂರು ಗ್ರಾಂ ಹಿಟ್ಟಿನಲ್ಲಿ ಸಿಗುವುದು ಏಳು ಗ್ರಾಂ ಚಿಲ್ಲರೆ. ವಯಸ್ಸಾದವರಿಗೆ ದೇಹತೂಕದ ಕಿಲೋಗೆ ದಿನಕ್ಕೆ ಒಂದರಿಂದ 1.2 ಗ್ರಾಂ ಪ್ರೋಟೀನು ಬೇಕೆಂದು ತಜ್ಞರ ಗುಂಪುಗಳು ಹೇಳುತ್ತವೆ. ಎಲ್ಲ ವಯಸ್ಕರಿಗೆಂದು ಐ.ಸಿ.ಎಂ.ಆರ್. ಇಟ್ಟಿರುವ 0.83 ಗ್ರಾಂಗಿಂತ ಇದು ಹೆಚ್ಚು, ಏಕೆಂದರೆ ಮುದಿ ಮಾಂಸಖಂಡ ಸ್ವಲ್ಪಕ್ಕೆಲ್ಲ ಓಗೊಡುವುದಿಲ್ಲ. ಐವತ್ತು ಕಿಲೋ ತೂಗುವ ಅಜ್ಜಿಗೆ ಐವತ್ತರಿಂದ ಅರವತ್ತು ಗ್ರಾಂ ಬೇಕಾಯಿತು. ಆಕೆಯ ತಟ್ಟೆ ನೋಡಿ: ಮಧ್ಯಾಹ್ನ ನೂರು ಗ್ರಾಂ ಹಿಟ್ಟಿನ ಮುದ್ದೆ, ಬೆಳಿಗ್ಗೆ-ರಾತ್ರಿ ಸೇರಿ ನೂರೈವತ್ತು ಗ್ರಾಂ ಅಕ್ಕಿ, ಸಾರಿನಲ್ಲಿ ಒಂದು ಹಿಡಿ ಬೇಳೆ, ಕಾಫಿ-ಮಜ್ಜಿಗೆಗೆ ಒಂದು ಲೋಟ ಹಾಲು. ಎಲ್ಲ ಕೂಡಿಸಿದರೂ ಮೂವತ್ತು ಗ್ರಾಂ ಆಸುಪಾಸು. ಉಪ್ಸಾರು ಮಾಡಿದ ದಿನ ಅನ್ಯಾಯ ಇನ್ನೂ ಎದ್ದು ಕಾಣುತ್ತದೆ. ಅವರೆಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಹಲ್ಲಿಲ್ಲದ ಅಜ್ಜಿಯ ಮುದ್ದೆಗೆ ಬೀಳುವುದು ಕಟ್ಟು. ಕಾಳೆಲ್ಲ ಮೊಮ್ಮಕ್ಕಳ ತಟ್ಟೆಗೆ. ನಾಡಿಗೆಲ್ಲ ಹಲ್ಲುಪುಡಿ ಕೊಟ್ಟ ನಂಜನಗೂಡಿನ ಸೀಮೆಯಲ್ಲೇ ಹಲ್ಲು ಹೋದವರು ಹಲ್ಲು ಕಟ್ಟಿಸಿಕೊಳ್ಳದೆ ಕಾಳು, ಮಾಂಸ ಬಿಟ್ಟುಬಿಡುತ್ತಾರೆ ಎನ್ನುವುದು ವಿಚಿತ್ರ. ಪರಿಹಾರ ಡಬ್ಬಿಯ ಪುಡಿಯಲ್ಲಿ ಇಲ್ಲ. ಐವತ್ತು ಗ್ರಾಂ ಹುರುಳಿಯಲ್ಲಿ ಹನ್ನೊಂದು ಗ್ರಾಂ ಪ್ರೋಟೀನು ಇದೆ; ಕಾಳನ್ನು ಬಸಿಯದೆ ಮಸೆದು ಸಾರಿಗೇ ಹಾಕಿದರೆ ಹಲ್ಲು ಬೇಕಿಲ್ಲ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಆರು ಗ್ರಾಂ. ತಿನ್ನದವರಿಗೆ ಮೊಸರು, ಹುರಿಗಡಲೆ ಪುಡಿ, ಕಡಲೆಕಾಯಿ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಬೇಕೋ ಬೇಡವೋ ಎಂದು ನಾಡು ಎಷ್ಟೋ ವರ್ಷ ಜಗಳವಾಡಿತು. ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿಯಲ್ಲಿ ಬಾಳುವ ಮುದುಕಿ ಏನು ತಿನ್ನುತ್ತಾಳೆಂದು ಯಾರೂ ಕೇಳಲಿಲ್ಲ. ಪ್ರೋಟೀನು ಹೆಚ್ಚಾದರೆ ಕಿಡ್ನಿ ಕೆಡುತ್ತದೆ ಎಂಬ ಭಯಕ್ಕೆ ಉತ್ತರ: ಕಿಡ್ನಿ ಮೊದಲೇ ಸೋತವರು ವೈದ್ಯರು ಹೇಳಿದ ಅಳತೆ ಮೀರಬಾರದು, ಬಿ.ಪಿ., ಶುಗರ್ ಇರುವವರು ಕ್ರಿಯಾಟಿನಿನ್ ನೋಡಿಸಿಕೊಂಡೇ ಬದಲಿಸಬೇಕು. ಉಳಿದವರಿಗೆ ಈ ಪ್ರಮಾಣ ಅತಿಯಲ್ಲ.

ಈ ವಯಸ್ಸಿನಲ್ಲಿ ಮಾಂಸಖಂಡ ಬೆಳೆಯುತ್ತದೆಯೇ ಎಂಬ ಸಂಶಯವನ್ನು 1990ರಲ್ಲೇ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ತೀರಿಸಿದ್ದಾರೆ. ವೃದ್ಧಾಶ್ರಮದಲ್ಲಿದ್ದ, 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಾಗ ತೊಡೆಯ ಕಸುವು ಸರಾಸರಿ ಶೇ 174 ಏರಿತು. ಹೃದ್ರೋಗಿ ಭಾರ ಎತ್ತಿದರೆ ಎದೆ ಒಡೆಯುತ್ತದೆ ಎಂಬ ಹಳೆಯ ಅಂಜಿಕೆಯನ್ನು ಅಮೆರಿಕದ ಹೃದಯ ಸಂಘ 2023ರ ಹೇಳಿಕೆಯಲ್ಲಿ ಅಲ್ಲಗಳೆದಿದೆ: ಸರಿಯಾಗಿ ಆಯ್ದವರಿಗೆ ಅದು ಸುರಕ್ಷಿತ, ಮಾಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಶೇ 17ರಷ್ಟು ಕಡಿಮೆ. ಉಸಿರು ಬಿಗಿಹಿಡಿದು ಮುಕ್ಕಬಾರದು ಎಂಬುದು ಮುಖ್ಯ ಎಚ್ಚರಿಕೆ. ಕೂತಲ್ಲೇ ಎದೆನೋವು ಬರುವವರು, ಕವಾಟ ಬಹಳ ಕಿರಿದಾದವರು, ಬಿ.ಪಿ. ಹತೋಟಿಗೆ ಬರದವರು ವೈದ್ಯರನ್ನು ಕೇಳದೆ ಶುರು ಮಾಡುವಂತಿಲ್ಲ. ಜಿಮ್ಮು ಬೇಕಿಲ್ಲ. ಮಂಡಿಯೆತ್ತರದ ಜಗಲಿಯ ಮೇಲೆ ಕೂತು, ಎರಡೂ ಕೈ ಎದೆಗೆ ಕಟ್ಟಿ, ಏನನ್ನೂ ಹಿಡಿಯದೆ ಎದ್ದು ಕೂರುವುದು. ಸುಲಭವಾದಾಗ ಎರಡು ಕಿಲೋ ಅಕ್ಕಿಯ ಚೀಲ ಎದೆಗೊತ್ತಿಕೊಂಡು ಅದನ್ನೇ ಮಾಡುವುದು. ಗೋಡೆಗೆ ಕೈಯೂರಿ ಮೈ ತಳ್ಳುವುದು. ಹಿಮ್ಮಡಿ ಎತ್ತಿ ನಿಲ್ಲುವುದು. ದಿನ ಬಿಟ್ಟು ದಿನ, ಕೊನೆಯ ಎರಡು ಸಲ ಕಷ್ಟವಾಗುವಷ್ಟು. ಕಷ್ಟವೇ ಆಗದಿದ್ದರೆ ಪ್ರಯೋಜನವೂ ಇಲ್ಲ. ಇದರ ಜೊತೆಗೇ ಹೇಳಬೇಕಾದ್ದು: ಕೊಲೆಸ್ಟ್ರಾಲ್ ಮಾತ್ರೆಯಿಂದ ಮೈಕೈ ನೋವು ಎಂದು ಅದನ್ನು ತಾವಾಗಿಯೇ ಬಿಡುವವರು ನಮ್ಮಲ್ಲಿ ಬಹಳ. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಅಂಥ ನೋವುಗಳಲ್ಲಿ ಶೇ 90ಕ್ಕೂ ಹೆಚ್ಚಕ್ಕೆ ಆ ಮಾತ್ರೆ ಕಾರಣವಲ್ಲ. ಕಾಲು ಗಟ್ಟಿ ಮಾಡಿಕೊಳ್ಳಲು ಮಾತ್ರೆ ಬಿಡುವುದು ತಿರುಗುಬಾಣ.

ಸರ್ಕಾರ ಮಾಡಬಹುದಾದ್ದು ದೊಡ್ಡ ಖರ್ಚಿನದಲ್ಲ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೊತ್ತುಮಾಡಿದ ಗೆರೆ ಸರಳ: ಕುರ್ಚಿಯಿಂದ ಕೈಯೂರದೆ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಮುಂದಿನ ಪರೀಕ್ಷೆ ಮಾಡಿಸಬೇಕು, ಕೈಹಿಡಿತ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕಿಲೋಗಿಂತ ಕಮ್ಮಿಯಾದರೂ ಅಷ್ಟೇ. ಇದು ಹಳ್ಳಿಯಲ್ಲಿ ಆಗದ ಕೆಲಸ ಎನ್ನುವಂತಿಲ್ಲ. 2017-18ರ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆಯಲ್ಲಿ 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ಕಾರ್ಯಕರ್ತರು ಮನೆಮನೆಗೆ ಹೋಗಿಯೇ ಕೈಹಿಡಿತವನ್ನೂ ಅಳೆದರು. ಮನೆಬಾಗಿಲಲ್ಲೇ ಬಿ.ಪಿ., ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಗಿದೆ. ಅದರ ನಮೂನೆಯಲ್ಲಿ ಅರವತ್ತು ದಾಟಿದವರಿಗೆ ಇನ್ನೊಂದು ಕಲಂ ಸೇರಿಸಿದರೆ ಸಾಕು, ಆಶಾ ಕಾರ್ಯಕರ್ತೆಯ ಮೊಬೈಲಿನಲ್ಲಿ ಸೆಕೆಂಡಿನ ಮುಳ್ಳು ಇದ್ದೇ ಇದೆ. ಆ ಕೆಲಸಕ್ಕೆ ಆಕೆಗೆ ಪ್ರತ್ಯೇಕ ಗೌರವಧನ ಕೊಡಬೇಕು, ಪುಕ್ಕಟೆ ಹೊರಿಸಬಾರದು. ಎರಡನೆಯ ಜಾಗ ಆಸ್ಪತ್ರೆಯ ಬಿಡುಗಡೆಯ ಚೀಟಿ. ಸ್ಟೆಂಟ್ ಹಾಕಿಸಿಕೊಂಡು ಮೈಸೂರಿನಿಂದ ಹುಲ್ಲಹಳ್ಳಿಗೆ ಮರಳುವ ಹಿರಿಯರಿಗೆ ‘ರೆಸ್ಟ್ ತಗೊಳ್ಳಿ’ ಎಂಬ ಮಾತು ಸಿಗುತ್ತದೆ, ಮನೆಯವರು ಅದನ್ನು ಮೂರು ತಿಂಗಳ ಮಂಚವೆಂದು ತಿಳಿಯುತ್ತಾರೆ. ಎಷ್ಟನೇ ದಿನ ಎದ್ದು ನಡೆಯಬೇಕು, ಯಾವ ವಾರದಿಂದ ಜಗಲಿಯ ಮೇಲೆ ಎದ್ದು ಕೂರುವುದನ್ನು ಶುರು ಮಾಡಬೇಕು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬುದನ್ನು ಮಾತ್ರೆಗಳ ಪಟ್ಟಿಯ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟು, ನಂಜನಗೂಡು ತಾಲ್ಲೂಕು ಆಸ್ಪತ್ರೆಯಲ್ಲಿ ಆರು ವಾರಕ್ಕೊಮ್ಮೆ ಅದನ್ನು ಮಾಡಿಸಿ ನೋಡುವ ಒಬ್ಬರಿದ್ದರೆ, ಜಯದೇವಕ್ಕೆ ಮರಳಿ ಹೋಗುವ ದಾರಿಯಲ್ಲಿ ಒಂದು ನಿಲುಗಡೆಯಾದರೂ ಸಿಕ್ಕಂತಾಗುತ್ತದೆ.